ಲಿಯೋನಾ ಬರೆದಿಟ್ಟ ಚೀಟಿ

ಅದು ಶುರುವಾದದ್ದು ಅಕ್ಟೋಬರ್ ಕಡೆಯ ವಾರದಲ್ಲಿ, ಒಂದು ಬುಧವಾರ, ಬೆಳಗಿನ ಜಾವ ನಾಲ್ಕೂವರೆಗೆ. ಡಕೋಟಾ ಬಯಲಿನ ಹುಲ್ಲು ಒಣಗಿ ಬಿಳಿಚಿಕೊಂಡಿತ್ತು, ಹಿಮ ಇನ್ನೂ ಬಿದ್ದಿರಲಿಲ್ಲ. ಗಾಳಿ ಮಾತ್ರ ಇತ್ತು. ಅಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಎಲ್ಲೋ ಹೊರಟದ್ದು ನೆಟ್ಟಗೆ ಬಂದು ಡೆಲ್ಫೀನಾಳ ಅಡುಗೆಮನೆ ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ. ಡೆಲ್ಫೀನಾಳಿಗೆ ಎಪ್ಪತ್ನಾಲ್ಕು ವರ್ಷ. ಹೊರಗೆ ಎಷ್ಟು ಚಳಿ ಇದೆ ಅಂತ ಆ ಸಿಳ್ಳೆ ಕೇಳಿಯೇ ಹೇಳಿಬಿಡುತ್ತಿದ್ದಳು.

ಸೋಮವಾರ, ಬುಧವಾರ, ಶುಕ್ರವಾರ ಅವಳು ಆ ಹೊತ್ತಿಗೆ ಏಳಲೇಬೇಕು. ತಮ್ಮ ಎಮೆಟನ ಮೂತ್ರಪಿಂಡಗಳು ಎರಡೂ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಐದು ಗಂಟೆಗೆ ಡಯಾಲಿಸಿಸ್ಸಿನ ವ್ಯಾನು ಬರುತ್ತದೆ. ಅರವತ್ತು ಮೈಲಿ ಆಚೆ ಯಂತ್ರಕ್ಕೆ ಕೂರಿಸಿ ರಕ್ತ ತೊಳೆದು ಮಧ್ಯಾಹ್ನ ತಂದು ಬಿಡುತ್ತಾರೆ. ವ್ಯಾನಿನಿಂದ ಇಳಿಯುವಾಗ ಅವನು ಹಿಂಡಿ ಹಾಕಿದ ಬಟ್ಟೆಯ ಹಾಗಿರುತ್ತಿದ್ದ.

ಆವತ್ತು ಕಾಫಿಗೆ ನೀರಿಟ್ಟು ಅವಳು ರೇಡಿಯೋ ಹಾಕಿದಳು. ರಿಸರ್ವೇಶನ್ನಿನ, ಅಂದರೆ ಅಮೆರಿಕದ ಮೂಲನಿವಾಸಿಗಳಿಗೆ ಬಿಟ್ಟ ಸೀಮೆಯ, ರೇಡಿಯೋದಲ್ಲಿ ಯಾರ ಮನೆ ಸಾವು, ಯಾರ ಕುದುರೆ ತಪ್ಪಿಸಿಕೊಂಡಿದೆ ಅಂತೆಲ್ಲ ಹೇಳಿ ಆದಮೇಲೆ ಸುದ್ದಿ ಓದುವವನು ಹೇಳಿದ: ವಾಷಿಂಗ್ಟನ್ನಿನಲ್ಲಿ ಹಣದ ಜಗಳ ಇನ್ನೂ ಮುಗಿದಿಲ್ಲ, ಸರ್ಕಾರದ ಬಾಗಿಲು ತೆರೆದಿಲ್ಲ, ನವೆಂಬರಿನಲ್ಲಿ ಯಾರ ಕಾರ್ಡಿಗೂ ಆಹಾರದ ದುಡ್ಡು ಬೀಳುವುದಿಲ್ಲ.

ಬಡವರ ಊಟಕ್ಕೆ ಸರ್ಕಾರ ಕೊಡುವ ಈ ದುಡ್ಡನ್ನು ಡೆಲ್ಫೀನಾಳ ವಯಸ್ಸಿನವರು ಈಗಲೂ ಸ್ಟ್ಯಾಂಪು ಅಂತಲೇ ಕರೆಯುತ್ತಾರೆ, ಕಾಗದದ ಸ್ಟ್ಯಾಂಪು ಹೋಗಿ ಪ್ಲಾಸ್ಟಿಕ್ ಕಾರ್ಡು ಬಂದು ಎಷ್ಟು ಕಾಲವಾದರೂ. ಪ್ರತಿ ತಿಂಗಳು ಹತ್ತನೇ ತಾರೀಕು ಅದಕ್ಕೆ ದುಡ್ಡು ಬೀಳುತ್ತದೆ. ಹನ್ನೊಂದಕ್ಕೆ ಅವಳು ಅಂಗಡಿಗೆ ಹೋಗುತ್ತಾಳೆ. ಏನು ತರಬೇಕು ಅಂತ ಯೋಚಿಸುವ ತಾಪತ್ರಯವೇ ಇಲ್ಲ. ಫ್ರಿಜ್ಜಿನ ಬಾಗಿಲಿಗೆ ಲಿಯೋನಾ ಬರೆದಿಟ್ಟ ಚೀಟಿ ಇದೆ.

ಲಿಯೋನಾ ಎಮೆಟನ ಹೆಂಡತಿ. ಆ ವಸಂತದಲ್ಲಿ ತೀರಿಕೊಂಡಳು. ಎಮೆಟ್ ಎರಡು ಚೀಲ, ಒಂದು ಮುದಿ ನಾಯಿ, ಆ ಚೀಟಿ, ಇಷ್ಟು ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಚೀಟಿಯಲ್ಲಿ ಬರೆದದ್ದು ಇಷ್ಟೇ: ಬಿಳಿ ಅಕ್ಕಿ, ಮೊಟ್ಟೆ, ಎಲೆಕೋಸು, ಈರುಳ್ಳಿ, ಸೇಬು, ದ್ರಾಕ್ಷಿ, ಹಸಿ ಕೋಳಿ, ಬಿಳಿ ಬ್ರೆಡ್ಡು. ತಮ್ಮನ ನಾಲಿಗೆಗೆ ಹಿಡಿಸುವುದು ಇವು ಅಂತ ಡೆಲ್ಫೀನಾ ತಿಳಿದುಕೊಂಡಳು. ಉಪ್ಪು ಕೂಡದು, ನೀರು ಕಡಿಮೆ ಕುಡಿಯಬೇಕು ಅಂತ ವ್ಯಾನಿನ ಡ್ರೈವರ್ ಹೇಳಿದ್ದ, ಅದನ್ನು ಪಾಲಿಸುತ್ತಿದ್ದಳು. ಉಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಏನು ತರಬೇಕು ಅಂತ ಲಿಯೋನಾ ಬರೆದಿದ್ದಳು. ಏನು ತರಬಾರದು, ತಂದರೆ ಏನಾಗುತ್ತದೆ ಅಂತ ಬರೆದಿರಲಿಲ್ಲ. ಅಡುಗೆ ಮಾಡುವವಳು ಅವಳೇ ಆಗಿದ್ದಾಗ ಯಾರಿಗೆ ಬರೆಯಬೇಕಿತ್ತು?

ತಮ್ಮನನ್ನೇ ಕೇಳಬಹುದಿತ್ತಲ್ಲ ಅಂದರೆ, ಅದು ಹಾಗಲ್ಲ. ಲಕೋಟ ಬುಡಕಟ್ಟಿನ ಹಳೆಯ ಮನೆಗಳಲ್ಲಿ ಅಕ್ಕನ ಮೇಲೆ ತಮ್ಮನಿಗಿರುವ ಮರ್ಯಾದೆ ದೊಡ್ಡದು. ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಅಕ್ಕನನ್ನು ಇಂಥದ್ದು ಬೇಕು ಅಂತ ಕೇಳುವುದಿಲ್ಲ, ಅಕ್ಕ ಬಡಿಸಿದ್ದನ್ನು ಬೇಡ ಅನ್ನುವುದಿಲ್ಲ. ಈಗಿನ ಹುಡುಗರು ಇದನ್ನೆಲ್ಲ ಬಿಟ್ಟಿದ್ದಾರೆ. ಅಜ್ಜಿಯ ಕೈಯಲ್ಲಿ ಬೆಳೆದ ಇವರಿಬ್ಬರು ಬಿಟ್ಟಿರಲಿಲ್ಲ. ಹೇಳಬೇಕಾದ್ದನ್ನು ಮೊದಲು ಲಿಯೋನಾಳ ಮೂಲಕ ಹೇಳಿಸುತ್ತಿದ್ದರು. ಅವಳು ಹೋದಮೇಲೆ ನಾಯಿಗೆ ಹೇಳುತ್ತಿದ್ದರು. ನಾಯಿಯ ಹೆಸರು ಸಾರ್ಜೆಂಟ್. ಅದಕ್ಕೆ ಒಂದು ಕಿವಿ ಪೂರ್ತಿ ಕಿವುಡು.

ಆ ಬುಧವಾರ ಎಮೆಟ್ ಎದ್ದು ಬಂದು ಒಲೆಯ ಪಕ್ಕ ಕೂತು ಬೂಟು ಹಾಕಿಕೊಳ್ಳುತ್ತ ನಾಯಿಗೆ ಹೇಳಿದ, "ಕೇಳಿದ್ಯಾ ಸಾರ್ಜೆಂಟ್, ಹತ್ತನೇ ತಾರೀಕು ಏನೂ ಇಲ್ವಂತೆ. ಇನ್ಮೇಲೆ ನೀನೇ ಮೊಲ ಹಿಡ್ಕೊಂಡು ಬರ್ಬೇಕು."

ಡೆಲ್ಫೀನಾ ಒಲೆ ಕಡೆ ತಿರುಗಿಕೊಂಡೇ ಅಂದಳು, "ಸಾರ್ಜೆಂಟ್, ನೀನು ಮೊಲ ಹಿಡ್ದಿದ್ದು ನಿನ್ನ ಮದುವೆಗೆ ಮುಂಚೆ. ಸುಮ್ನೆ ಕೂತ್ಕೋ. ಊಟದ ಚಿಂತೆ ನಾನು ಮಾಡ್ತೀನಿ."

ವ್ಯಾನಿನ ದೀಪ ಕಿಟಕಿಗೆ ಬಿತ್ತು. ಎಮೆಟ್ ನಗುತ್ತ ಹೋದ.

ಅವನು ಹೋದಮೇಲೆ ಡೆಲ್ಫೀನಾ ಬಹಳ ಹೊತ್ತು ಮೇಜಿನ ಮುಂದೆ ಕೂತಿದ್ದಳು. ಅವಳಿಗೆ ಅಕ್ಷರ ಕಡಿಮೆ, ನೆನಪು ಜಾಸ್ತಿ. ಆರೇಳು ವರ್ಷದ ಹಿಂದೆ ಹೀಗೆಯೇ ಸರ್ಕಾರ ಬಾಗಿಲು ಹಾಕಿತ್ತು. ಆಗ ಫೆಬ್ರವರಿಯ ದುಡ್ಡನ್ನು ಜನವರಿಯಲ್ಲೇ ಕೊಟ್ಟುಬಿಟ್ಟಿದ್ದರು. ಹೆಚ್ಚುವರಿ ಬಂತು ಅಂತ ಜನ ತಿಂದರು, ನೆಂಟರನ್ನು ಕರೆದು ಬಡಿಸಿದರು, ಅವಳೂ ಬಡಿಸಿದಳು. ಆಮೇಲೆ ಮಾರ್ಚ್ ಹತ್ತರವರೆಗೆ ಏನೂ ಇಲ್ಲ. ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಕಾದಳು. ಕಡೆಯ ಹತ್ತು ದಿನ ಹಿಟ್ಟು ಬಿಟ್ಟರೆ ಬೇರೆ ಇರಲಿಲ್ಲ. ಆಗ ಗಂಡನೂ ಇರಲಿಲ್ಲ, ಒಬ್ಬಳೇ ಇದ್ದಳು, ಹೇಗೋ ಆಯಿತು. ಈಗ ಮನೆಯಲ್ಲಿ ಕಾಯಿಲೆಯವನು ಇದ್ದಾನೆ. ಈ ಸಲ ಕಾಯುವುದಿಲ್ಲ ಅಂತ ಅವಳು ಆಗಲೇ ನಿರ್ಧಾರ ಮಾಡಿದಳು.

ಕಾಯದೆ ಹೋದರೆ ಇನ್ನೊಂದು ದಾರಿ ಇತ್ತು. ಊರಾಚೆ ತಗಡಿನ ಗೋದಾಮಿನಲ್ಲಿ ಸರ್ಕಾರಿ ದಿನಸಿ ಕೊಡುತ್ತಾರೆ, ಡಬ್ಬಗಳು, ಕಾಳು, ಹಿಟ್ಟು. ಆದರೆ ಒಂದು ಕಟ್ಟುಪಾಡು. ಕಾರ್ಡು ಇಟ್ಟುಕೊಂಡವರಿಗೆ ದಿನಸಿ ಇಲ್ಲ, ದಿನಸಿ ತೆಗೆದುಕೊಂಡವರಿಗೆ ಆ ತಿಂಗಳು ಕಾರ್ಡಿಲ್ಲ. ಒಂದನ್ನು ಬಿಟ್ಟೇ ಇನ್ನೊಂದನ್ನು ಹಿಡಿಯಬೇಕು.

ನವೆಂಬರ್ ಮೂರು, ಸೋಮವಾರ, ಎಮೆಟ್ ವ್ಯಾನು ಹತ್ತಿದ ಮೇಲೆ ಅವಳು ಕಾರ್ಡಿನ ಆಫೀಸಿಗೆ ಹೋಗಿ ಅದನ್ನು ಬಿಟ್ಟುಕೊಡುವ ಕಾಗದ ಬರೆಸಿಕೊಂಡು ಗೋದಾಮಿಗೆ ಹೋದಳು. ಸಾಲು ರಸ್ತೆಯವರೆಗೆ ಬಂದಿತ್ತು. ಗೋದಾಮು ನೋಡಿಕೊಳ್ಳುವವನು ಕ್ಲೆಮೆಂಟ್, ಅವಳ ಸತ್ತ ಗಂಡನ ತಮ್ಮ. ತಮ್ಮನ ಹತ್ತಿರ ಎಷ್ಟು ಮೌನವೋ ಮೈದುನನ ಹತ್ತಿರ ಅಷ್ಟೇ ಬಾಯಿ. ಅದೂ ಅಲ್ಲಿಯ ಪದ್ಧತಿಯೇ. ಮೈದುನ ಅತ್ತಿಗೆಯನ್ನು ರೇಗಿಸದಿದ್ದರೆ ಏನೋ ಕೋಪ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ.

ಅವಳ ಸರದಿ ಬಂದಾಗ ಕ್ಲೆಮೆಂಟ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಕಡೆಗೂ ನನ್ನ ಹುಡುಕ್ಕೊಂಡು ಬಂದ್ಯಲ್ಲ ಅತ್ತಿಗೆ," ಅಂದ. "ಅಣ್ಣ ಸತ್ತಾಗಿಂದ ಕಾಯ್ತಾ ಇದೀನಿ."

"ನಿನ್ನ ನೋಡಕ್ಕಲ್ಲ ಬಂದಿದ್ದು. ನಿನ್ನ ಡಬ್ಬ ನೋಡಕ್ಕೆ."

"ಎಲ್ಲಾ ಹೆಂಗಸ್ರೂ ಅದನ್ನೇ ಹೇಳ್ತಾರೆ."

"ಡಬ್ಬಕ್ಕೂ ಹಲ್ಲಿಲ್ಲ, ನಿನಗೂ ಹಲ್ಲಿಲ್ಲ. ಅದಾದ್ರೆ ಬಾಯಿ ಮುಚ್ಕೊಂಡಾದ್ರೂ ಇರತ್ತೆ."

ಹಿಂದೆ ನಿಂತವರು ನಕ್ಕರು. ಕ್ಲೆಮೆಂಟನೂ ನಕ್ಕ. ಆಮೇಲೆ ಅವಳು ಮುಂದೆ ಇಟ್ಟ ಕಾಗದ ನೋಡಿ ನಗು ನಿಲ್ಲಿಸಿದ.

"ಆಗ್ಲೇ ಬಿಡಿಸ್ಕೊಂಡು ಬಂದುಬಿಟ್ಯಾ?"

"ಬಿಡಿಸ್ದೆ ನೀನು ಕೊಡ್ತೀಯಾ?"

"ಕೊಡಲ್ಲ. ಆದ್ರೂ ಕೇಳು. ಇಲ್ಲಿ ರುಜು ಹಾಕಿದ್ರೆ ಈ ತಿಂಗಳ ಮಟ್ಟಿಗೆ ಮುಗೀತು. ಅವ್ರು ನಾಳೆನೇ ಜಗಳ ಮುಗಿಸಿ ಎಲ್ಲಾರ ಕಾರ್ಡಿಗೆ ದುಡ್ಡು ಹಾಕಿದ್ರೂ ನಿನ್ನ ಕಾರ್ಡಿಗೆ ಬೀಳಲ್ಲ. ವಾಪಸ್ ಬೇಕು ಅಂದ್ರೆ ಮುಂದಿನ ತಿಂಗಳು ಹೊಸ ಅರ್ಜಿ."

"ಜಗಳ ಯಾವಾಗ ಮುಗಿಯತ್ತೆ?"

"ಅದು ಗೊತ್ತಿದ್ರೆ ನಾನ್ಯಾಕೆ ಇಲ್ಲಿ ಸಂಬಳ ಇಲ್ದೆ ಡಬ್ಬ ಎತ್ತಾ ಇರ್ತಿದ್ದೆ? ಹತ್ತನೇ ತಾರೀಕಿನ ತನಕ ನೋಡು ಅಂತೀನಿ, ಅಷ್ಟೆ."

ಡೆಲ್ಫೀನಾ ಅವನ ಹಿಂದಿನ ಕಪಾಟುಗಳ ಕಡೆ ನೋಡಿದಳು. ಮೊದಲನೇ ಸಾಲು ಖಾಲಿಯಾಗಿ ಗಾಳಿ ಆಡುತ್ತಿತ್ತು. "ಅಷ್ಟೊತ್ತಿಗೆ ಇಲ್ಲೇನು ಉಳ್ದಿರತ್ತೆ?"

ಕ್ಲೆಮೆಂಟ್ ಹಿಂದೆ ತಿರುಗಿ ನೋಡಲಿಲ್ಲ. ಅವನಿಗೆ ಗೊತ್ತಿತ್ತು. ಪೆನ್ನು ಕೊಟ್ಟ. ಅವಳು ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದಳು.

ಅಕ್ಕಿ, ಮೊಟ್ಟೆ, ಕೋಳಿ ಬೆಳಗಿನ ಮೊದಲ ಗಂಟೆಯಲ್ಲೇ ಮುಗಿದಿದ್ದವು. ಸಿಕ್ಕಿದ್ದು ರಾಜ್ಮಾದಂಥ ಚುಕ್ಕೆ ಕಾಳು ಎರಡು ದೊಡ್ಡ ಚೀಲ, ಟೊಮೇಟೊ ಡಬ್ಬ, ಆಲೂಗಡ್ಡೆ, ಒಣದ್ರಾಕ್ಷಿ, ಕಿತ್ತಳೆ ರಸ, ಹಾಲಿನ ಪುಡಿ, ಒಂದು ಇಟ್ಟಿಗೆಯಷ್ಟು ಚೀಸ್. ಪೆಟ್ಟಿಗೆಗಳನ್ನು ತನ್ನ ಟ್ರಕ್ಕಿಗೆ ಎತ್ತಿ ಇಡುತ್ತ ಕ್ಲೆಮೆಂಟ್ ಕೇಳಿದ, "ಎಮೆಟನಿಗೆ ಇದೆಲ್ಲ ಆಗತ್ತಾ?"

"ಯಾಕಾಗಲ್ಲ? ಇದನ್ನೇ ತಿಂದು ಬೆಳ್ದಿದ್ದು ಅವ್ನು," ಅಂದಳು ಡೆಲ್ಫೀನಾ.

ಆ ದಿನ ಮಧ್ಯಾಹ್ನ ಅವಳು ಕಾಳಿನ ಸಾರು ಮಾಡಿದಳು. ಟೊಮೇಟೊ ಡಬ್ಬದ ನೀರು ಚೆಲ್ಲಿ, ಎರಡೆರಡು ಸಲ ತೊಳೆದು, ಒಂದು ಹರಳು ಉಪ್ಪು ಹಾಕದೆ, ಆಲೂಗಡ್ಡೆ ಹೆಚ್ಚಿ ಹಾಕಿ, ಮೇಲೆ ಚೀಸ್ ತುರಿದಳು. ಮನೆ ತುಂಬ ಅಜ್ಜಿಯ ಕಾಲದ ವಾಸನೆ ಬಂತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಮನಸ್ಸಿಗೆ ನೆಮ್ಮದಿಯಾಯಿತು. ಕಪಾಟು ತುಂಬಿತ್ತು. ಯಾರು ಯಾವಾಗ ಜಗಳ ಮುಗಿಸಿದರೂ ಅವಳ ತಮ್ಮ ಉಪವಾಸ ಬೀಳುವುದಿಲ್ಲ.

ಎಮೆಟ್ ಬಂದು ಕೈತೊಳೆದು ಕೂತ. ಬಟ್ಟಲಿನಲ್ಲಿ ಏನಿದೆ ಅಂತ ನೋಡಿದ. ಸ್ವಲ್ಪ ಹೊತ್ತು ಚಮಚ ಹಿಡಿದುಕೊಂಡೇ ಇದ್ದ.

ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಯಂತ್ರಕ್ಕೆ ಕೂರಿಸಿದ ಮೊದಲ ವಾರವೇ ನರ್ಸು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದ್ದಳು. ಕಾಳು, ಟೊಮೇಟೊ, ಆಲೂಗಡ್ಡೆ, ಕಿತ್ತಳೆ, ಒಣದ್ರಾಕ್ಷಿ, ಇವು ಎಲ್ಲರಿಗೂ ಒಳ್ಳೆಯದು, ನಿನಗೆ ಮಾತ್ರ ವಿಷ. ಅದರಲ್ಲಿರುವ ಒಂದು ಅಂಶ ನಿನ್ನ ರಕ್ತದಲ್ಲಿ ಉಳಿದುಕೊಳ್ಳುತ್ತದೆ, ಹೆಚ್ಚಾದರೆ ಗುಂಡಿಗೆ ನಿಂತುಬಿಡುತ್ತದೆ. ಆ ಮಾತಿನಿಂದಲೇ ಲಿಯೋನಾ ಚೀಟಿ ಬರೆದದ್ದು.

"ಸಾರ್ಜೆಂಟ್," ಅಂದ ಎಮೆಟ್, "ಕಾಳು ಅಂದ್ರೆ ನಿಂಗೆ ಪ್ರಾಣ ಅಲ್ವೇನೋ." ಬಟ್ಟಲಿನ ಅರ್ಧ ನಾಯಿಯ ತಟ್ಟೆಗೆ ಸುರಿದ. ನಾಯಿ ಎದ್ದು ಬಂದು ಚಪ್ಪರಿಸಿ ತಿಂದಿತು. ಉಳಿದರ್ಧ ಅವನು ತಿಂದ.

ಮಂಗಳವಾರವೂ ಹಾಗೇ ಮಾಡಿದ. ಬುಧವಾರವೂ. ಅದೊಂದೇ ಅವನಿಗೆ ಗೊತ್ತಿದ್ದ ದಾರಿ. ಅಕ್ಕನ ಅಡುಗೆಯನ್ನು ಬೇಡ ಅನ್ನದೆ ಬೇಡ ಅನ್ನುವುದು. ಅಕ್ಕ ಅರ್ಥ ಮಾಡಿಕೊಳ್ಳುತ್ತಾಳೆ ಅಂತ ಅಂದುಕೊಂಡಿದ್ದನೋ ಏನೋ.

ಡೆಲ್ಫೀನಾ ಅರ್ಥ ಮಾಡಿಕೊಂಡದ್ದು ಬೇರೆ. ರುಜು ಹಾಕಿ, ಕಾರ್ಡು ಬಿಟ್ಟು ತಂದ ಕಾಳು ನಾಯಿಯ ಹೊಟ್ಟೆಗೆ ಹೋಗುತ್ತಿದೆ. ತಾನು ಒಂದೇ ಹೊತ್ತು ಉಣ್ಣುತ್ತಿದ್ದಾಳೆ, ತಿಂಗಳ ಕಡೆಯವರೆಗೆ ಎಳೆಯಬೇಕು ಅಂತ. ತಮ್ಮನಿಗೆ ಹೇಳುವ ಹಾಗಿಲ್ಲ. ಗುರುವಾರ ಮಧ್ಯಾಹ್ನ ಅವಳೂ ನಾಯಿಗೇ ಹೇಳಿದಳು.

"ಸಾರ್ಜೆಂಟ್, ನಾನು ಚಳೀಲಿ ಮೂರು ಗಂಟೆ ನಿಂತಿದ್ದು ನಿನಗೆ ಬಡಿಸಕ್ಕಲ್ಲ. ನಮ್ಮಜ್ಜಿ ಇದ್ದಿದ್ರೆ ನಿನ್ನ ಅಟ್ಟಿಬಿಡ್ತಿದ್ರು. ಮನುಷ್ಯರಿಗೆ ಇಲ್ಲದ ಕಾಲ ಇದು."

ಸಿಟ್ಟಿನಲ್ಲಿ ಹೇಳಲಿಲ್ಲ. ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದೇ ಹೆಚ್ಚಾಯಿತು.

ಎಮೆಟ್ ನಾಯಿಯ ತಟ್ಟೆಗೆ ಚಾಚಿದ್ದ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡ. ಪೂರ್ತಿ ತಿಂದ. ತಳಕ್ಕೆ ಅಂಟಿದ್ದನ್ನೂ ಬ್ರೆಡ್ಡಿನಿಂದ ಒರೆಸಿ ತಿಂದ. ಡೆಲ್ಫೀನಾ ಖುಷಿಯಿಂದ ಇನ್ನೊಂದು ಸೌಟು ಹಾಕಿದಳು. ಅದನ್ನೂ ತಿಂದ. ಆವತ್ತಿನಿಂದ ನಾಯಿಗೆ ಒಂದು ಕಾಳೂ ಬೀಳಲಿಲ್ಲ.

ಹತ್ತನೇ ತಾರೀಕು ಬಂತು. ಯಾರ ಕಾರ್ಡಿಗೂ ಏನೂ ಬೀಳಲಿಲ್ಲ. ಪಕ್ಕದ ಮನೆಗಳಿಂದ ಒಬ್ಬೊಬ್ಬರೇ ಬಂದು ಒಂದು ಲೋಟ ಹಿಟ್ಟು, ಒಂದು ಹಿಡಿ ಕಾಳು ಕೇಳಿಕೊಂಡು ಹೋದರು. ಡೆಲ್ಫೀನಾ ಕೊಟ್ಟಳು. ಕೊಡುವಾಗ ಅವಳಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತು. ನಾನು ಕಾಯಲಿಲ್ಲ, ಅದಕ್ಕೇ ಕೊಡುವ ಕೈ ನನ್ನದಾಯಿತು ಅಂತ.

ಮಂಗಳವಾರ ಸಂಜೆ ಹಿಮ ಶುರುವಾಯಿತು. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲು ಕಾಣಲಿಲ್ಲ. ರಸ್ತೆ ಬಂದ್ ಅಂತ ರೇಡಿಯೋ ಹೇಳಿತು. ವ್ಯಾನು ಬರಲಿಲ್ಲ. ಎಮೆಟ್ ಕೋಟು ಹಾಕಿಕೊಂಡು ಏಳು ಗಂಟೆಯವರೆಗೆ ಕಿಟಕಿಯ ಹತ್ತಿರ ಕೂತಿದ್ದ, ಆಮೇಲೆ ಕೋಟು ಬಿಚ್ಚಿಟ್ಟ. ಅಂದು ಮನೆಯಲ್ಲೇ ಇದ್ದನಲ್ಲ, ಎರಡು ಹೊತ್ತೂ ಸಾರು ಉಂಡ. ಗುರುವಾರ ಅವನ ಕಾಲು ಎಳೆಯತೊಡಗಿತು. ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದುಕೊಂಡ. ಶಕ್ತಿ ಬರಲಿ ಅಂತ ಡೆಲ್ಫೀನಾ ದೊಡ್ಡ ಲೋಟದಲ್ಲಿ ಕಿತ್ತಳೆ ರಸ ಕೊಟ್ಟಳು. ಅವನು ಎರಡು ಕೈಯಲ್ಲೂ ಲೋಟ ಹಿಡಿದು ಕುಡಿದ.

ಶುಕ್ರವಾರ ರಸ್ತೆ ತೆರೆದರು, ವ್ಯಾನು ಬಂತು. ಡ್ರೈವರ್ ಎಮೆಟನನ್ನು ತೋಳು ಹಿಡಿದು ಹತ್ತಿಸಿದ.

ಹತ್ತೂವರೆಗೆ ಫೋನು ಬಂತು.

"ಡೆಲ್ಫೀನಾ ಅವ್ರಾ? ನಾನು ಡಯಾಲಿಸಿಸ್ಸಿಂದ, ಜೋಲೀನ್, ನರ್ಸು. ಗಾಬರಿ ಆಗ್ಬೇಡಿ, ಯಂತ್ರಕ್ಕೆ ಹಾಕಿದೀವಿ. ಒಂದು ಕೇಳ್ಬೇಕಿತ್ತು. ಮನೇಲಿ ಅವ್ರಿಗೆ ಊಟಕ್ಕೆ ಏನು ಕೊಡ್ತಿದೀರಿ?"

ಡೆಲ್ಫೀನಾ ಒಂದೊಂದಾಗಿ ಹೇಳಿದಳು. ಕಾಳಿನ ಸಾರು, ಟೊಮೇಟೊ ಹಾಕಿ. ಆಲೂಗಡ್ಡೆ. ಚೀಸ್. ನಿನ್ನೆ ಕಿತ್ತಳೆ ರಸ. ಉಪ್ಪು ಒಂದು ಚೂರೂ ಹಾಕಿಲ್ಲ ಅಂತಲೂ ಹೇಳಿದಳು, ಹೊಗಳುತ್ತಾರೆ ಅಂದುಕೊಂಡು.

ಆ ಕಡೆ ಯಂತ್ರದ ಪೀಂ ಪೀಂ ಕೇಳುತ್ತಿತ್ತು. ಆಮೇಲೆ ಜೋಲೀನ್ ಎಲ್ಲವನ್ನೂ ಹೇಳಿದಳು, ಲಿಯೋನಾಳಿಗೆ ಹೇಳಿದ್ದನ್ನೇ.

"ಅವ್ನು ನನಗೆ ಹೇಳ್ಲಿಲ್ಲವಲ್ಲ," ಅಂದಳು ಡೆಲ್ಫೀನಾ.

"ನಾನೂ ಕೇಳ್ದೆ. ನಿಮ್ಮ ಅಕ್ಕಂಗೆ ಹೇಳಿ ಅಂತ ಹೋದ ವಾರಾನೇ ಹೇಳ್ದೆ. ನಗ್ತಾರೆ ಅಷ್ಟೆ. ನಮ್ಮಲ್ಲಿ ಹಾಗೆ ಹೇಳೋದಿಲ್ಲ ಅಂತಾರೆ. ದೊಡ್ಡಾಸ್ಪತ್ರೆಗೆ ಸೇರ್ಕೊಳ್ಳಿ ಅಂದ್ರೂ ಒಪ್ತಾ ಇಲ್ಲ. ಇವತ್ತು ಒಂದು ಗಂಟೆ ಜಾಸ್ತಿ ತೊಳೀತೀವಿ. ಆದ್ರೆ ಗುಂಡಿಗೆ ತುಂಬ ದಣಿದಿದೆ ಅಮ್ಮ. ಇನ್ನು ಸೋಮವಾರದ ತನಕ ಯಂತ್ರ ಇಲ್ಲ. ಅಲ್ಲಿವರೆಗೆ ಬರೀ ಬಿಳಿ ಅನ್ನ, ಮೊಟ್ಟೆ, ಎಲೆಕೋಸು. ಬೇರೆ ಏನೂ ಬೇಡ."

ಬಿಳಿ ಅಕ್ಕಿ, ಮೊಟ್ಟೆ, ಎಲೆಕೋಸು. ಡೆಲ್ಫೀನಾ ಫೋನು ಹಿಡಿದುಕೊಂಡೇ ಫ್ರಿಜ್ಜಿನ ಬಾಗಿಲ ಕಡೆ ನೋಡಿದಳು.

ಅದೇ ಶುಕ್ರವಾರ ರೇಡಿಯೋ ಹೇಳಿತು, ಜಗಳ ಮುಗಿದಿದೆ, ಇವತ್ತು ಎಲ್ಲರ ಕಾರ್ಡಿಗೂ ದುಡ್ಡು ಬಿದ್ದಿದೆ ಅಂತ. ಡೆಲ್ಫೀನಾ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕ್ಲೆಮೆಂಟನಿಗೆ ಫೋನು ಮಾಡಿದಳು. ಅವನು ಟ್ರಕ್ಕು ತಂದ. ದಾರಿಯಲ್ಲಿ ವಿಷಯ ಕೇಳಿ, "ಕಾರ್ಡು ಕೆಲಸ ಮಾಡಲ್ಲ ಅತ್ತಿಗೆ," ಅಂದ. "ಮಾಡ್ಬಹುದು," ಅಂದಳು ಅವಳು. ಅವನು ಟ್ರಕ್ಕನ್ನು ಅಂಗಡಿಯ ಕಡೆ ತಿರುಗಿಸಿದ.

ಅಂಗಡಿಯಲ್ಲಿ ಜಾತ್ರೆ. ಗಾಡಿ ತುಂಬ ಮಾಂಸ, ಹಾಲು, ಮಕ್ಕಳ ಕೈಯಲ್ಲಿ ಬಾಳೆಹಣ್ಣು. ಸೋಮವಾರ ಅವಳ ಹತ್ತಿರ ಹಿಟ್ಟು ತೆಗೆದುಕೊಂಡು ಹೋದವಳೊಬ್ಬಳು, "ನಿಮ್ಮ ಲೋಟ ನಾಳೆ ತಂದುಕೊಡ್ತೀನಿ ಅಜ್ಜಿ," ಅಂತ ಕೂಗಿ ಹೇಳಿದಳು. ಡೆಲ್ಫೀನಾ ಚೀಟಿ ನೋಡಿಕೊಂಡು ಒಂದೊಂದೇ ತೆಗೆದಳು. ಅಕ್ಕಿ. ಮೊಟ್ಟೆ. ಎಲೆಕೋಸು, ಬಿಗಿಯಾಗಿರುವುದು. ಸೇಬು. ಸಾಲಿನಲ್ಲಿ ನಿಂತು ಕಾರ್ಡು ಕೊಟ್ಟಳು.

ಕೌಂಟರಿನ ಹುಡುಗಿ ಅದನ್ನು ಯಂತ್ರದಲ್ಲಿ ಎಳೆದು, ಪರದೆ ನೋಡಿ ದನಿ ತಗ್ಗಿಸಿದಳು. "ಅಜ್ಜಿ, ಇದು ನಿಂತುಹೋಗಿದೆ."

"ಇನ್ನೊಂದ್ಸಲ ಎಳಿ ತಾಯಿ."

ಅವಳು ಇನ್ನೊಂದು ಸಲ ಎಳೆದಳು. ಕಾಯುತ್ತಿದ್ದವರು ಬೇರೆ ಕಡೆ ನೋಡಿದರು. ಡೆಲ್ಫೀನಾಳ ತಿಂಗಳ ಪಿಂಚಣಿ ಒಲೆಯ ಗ್ಯಾಸಿಗೆ ಹೋಗಿತ್ತು. ಚೀಲದ ತಳದಲ್ಲಿ ಮಡಚಿಟ್ಟಿದ್ದ ನೋಟಿಗೆ ಹನ್ನೆರಡು ಮೊಟ್ಟೆ ಬಂದವು. ಉಳಿದದ್ದನ್ನು ಅವಳು ಎಲ್ಲಿಂದ ತೆಗೆದಿದ್ದಳೋ ಅಲ್ಲಿಗೇ ಒಯ್ದು ಇಟ್ಟಳು. ಅಂಗಡಿಯವರು ಇಟ್ಟುಕೊಳ್ಳುತ್ತಾರೆ ಬಿಡಿ ಅಂತ ಹುಡುಗಿ ಅಂದರೂ ಕೇಳದೆ, ಎಲೆಕೋಸನ್ನು ಎಲೆಕೋಸಿನ ರಾಶಿಯ ಮೇಲೆ ಇಟ್ಟು ಬಂದಳು.

ಟ್ರಕ್ಕಿನಲ್ಲಿ ಕ್ಲೆಮೆಂಟ್ ಮೊಟ್ಟೆಯ ಡಬ್ಬಿ ನೋಡಿದ. ಅವನ ಜೇಬಿನಲ್ಲೂ ಏನೂ ಇರಲಿಲ್ಲ, ಅವನಿಗೆ ಒಂದೂವರೆ ತಿಂಗಳಿಂದ ಸಂಬಳ ಆಗಿರಲಿಲ್ಲ. "ನಾನು ಪೆನ್ನು ಕೊಡಬಾರ್ದಿತ್ತು," ಅಂದ.

"ನೀನು ಹೇಳ್ದೆ. ನಾನು ಕೇಳ್ಲಿಲ್ಲ."

ಶನಿವಾರ ಬೆಳಿಗ್ಗೆ ಅವನು ತನ್ನ ಮನೆಯಿಂದ ಅರ್ಧ ಚೀಲ ಅಕ್ಕಿ, ಕಾಲು ಭಾಗ ಕೊಯ್ದಿದ್ದ ಒಂದು ಎಲೆಕೋಸು ತಂದು ಮೇಜಿನ ಮೇಲಿಟ್ಟ. ಆವತ್ತು ಅವನು ಒಂದೂ ತಮಾಷೆ ಮಾಡಲಿಲ್ಲ. ಡೆಲ್ಫೀನಾಳಿಗೆ ಅದೇ ಹೆಚ್ಚು ಭಯವಾಯಿತು.

ಎರಡು ದಿನ ಅವಳು ಬಿಳಿ ಅನ್ನ, ಮೊಟ್ಟೆ ಮಾಡಿದಳು. ಸಾರಿನ ಪಾತ್ರೆಯನ್ನು ಹೊರಗೆ ಹಿಮದಲ್ಲಿ ಬೋರಲು ಹಾಕಿದಳು. ಎಮೆಟ್ ಎಲ್ಲವನ್ನೂ ನೋಡಿದ. ಅನ್ನವನ್ನೂ ಹೇಗೆ ಸಾರು ತಿಂದಿದ್ದನೋ ಹಾಗೇ ತಿಂದ, ಬಡಿಸಿದಷ್ಟು, ಸದ್ದಿಲ್ಲದೆ. ಅವನ ತುಟಿ ನೀಲಿಗಟ್ಟಿತ್ತು.

ಭಾನುವಾರ ಸಂಜೆ ಬೆಳಕಿರುವಾಗಲೇ ಡೆಲ್ಫೀನಾ ಕುರ್ಚಿ ಎಳೆದು ಅವನ ಎದುರಿಗೆ ಕೂತಳು. ಅವನಿಗೆ ಹನ್ನೆರಡು ತುಂಬಿದ ಮೇಲೆ ಅವಳು ಹಾಗೆ ಕೂತಿರಲಿಲ್ಲ.

"ಎಮೆಟ್."

ಅವನು ನಾಯಿಯ ಕಡೆ ನೋಡಿದ.

"ನಾಯಿನ ಬಿಡು. ನನ್ನ ನೋಡು."

ಅವನು ನೋಡಿದ. ಅವನ ಕಣ್ಣು ಅಪ್ಪನ ಕಣ್ಣಿನ ಹಾಗಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

"ಗೊತ್ತಿತ್ತು ತಾನೇ ನಿನಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ತಿಂದೆ?"

"ನೀನು ಬಡಿಸ್ದೆ ಅಕ್ಕ," ಅಂದ. ಆಮೇಲೆ ಅಂದ, "ಚೆನ್ನಾಗೂ ಇತ್ತು. ನಾಲ್ಕು ವರ್ಷ ಆಗಿತ್ತು, ಕಾಳು ತಿಂದು."

ಅವಳು ಎದ್ದು ಅವನ ಹೆಗಲ ಮೇಲೆ ಕಂಬಳಿ ಸರಿಮಾಡಿದಳು. ಗಾಳಿ ನಿಂತಿತ್ತು, ಬಾಗಿಲು ಸಿಳ್ಳೆ ಹಾಕಲಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಅವಳು ಎದ್ದು ಬಂದಾಗ ಅವನು ಆಗಲೇ ಎದ್ದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಒಂದು ಬೂಟು ಹಾಕಿಕೊಂಡಿದ್ದ, ಇನ್ನೊಂದು ಕೈಯಲ್ಲಿತ್ತು. ನಾಯಿ ಅವನ ಬರಿಗಾಲಿನ ಮೇಲೆ ತಲೆಯಿಟ್ಟು ಮಲಗಿತ್ತು. ಕಾಫಿಗೆ ನೀರಿಟ್ಟು ತಿರುಗಿ ನೋಡುವವರೆಗೆ ಅವಳಿಗೆ ಗೊತ್ತಾಗಲಿಲ್ಲ.

ಸಾರಿನಿಂದಲೇ ಹೀಗಾಯಿತು ಅಂತ ಹೇಳಲಾಗುವುದಿಲ್ಲ, ಬುಧವಾರ ಯಂತ್ರ ತಪ್ಪಿತಲ್ಲ, ಮೊದಲೇ ಗುಂಡಿಗೆ ಸೋತಿತ್ತು, ಅಂತ ಜೋಲೀನ್ ಫೋನಿನಲ್ಲಿ ಹೇಳಿದಳು. ಒಳ್ಳೆಯ ಹೆಂಗಸು. ಡೆಲ್ಫೀನಾ ಸರಿಯಮ್ಮ ಅಂದು ಫೋನಿಟ್ಟಳು.

ಮಣ್ಣು ಮಾಡಿದ ದಿನ ಊರಿನವರು ತಂದು ಬಡಿಸಿದರು. ಕಾರ್ಡಿಗೆ ದುಡ್ಡು ಬಿದ್ದಿತ್ತಲ್ಲ, ಯಾರಿಗೂ ಕಡಿಮೆಯಾಗಲಿಲ್ಲ. ಮಿಕ್ಕಿದ್ದನ್ನು ಪದ್ಧತಿಯಂತೆ ಎಲ್ಲರ ಪಾತ್ರೆಗೂ ತುಂಬಿ ಕಳಿಸಿದರು.

ಡಿಸೆಂಬರ್ ಮೊದಲ ವಾರ ಕ್ಲೆಮೆಂಟ್ ಕಾರ್ಡಿನ ಹೊಸ ಅರ್ಜಿ ತಂದ. ಮೇಜಿನ ಮೇಲೆ ಹರಡಿ ಅವನೇ ಓದಿ ಓದಿ ಹೇಳಿದ, ಅವಳು ಉತ್ತರ ಹೇಳಿದಳು, ಅವನು ಬರೆದ. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದ್ದರು. ಒಬ್ಬಳು. ಆಮೇಲೆ ಇನ್ನೊಂದು ಖಾನೆ ಬಂತು. ಕ್ಲೆಮೆಂಟ್ ಅದನ್ನು ಓದದೆ ಹಾಳೆ ತಿರುಗಿಸಲು ಹೋದ.

"ಏನದು? ಓದು," ಅಂದಳು ಡೆಲ್ಫೀನಾ.

"ಕಳೆದ ಅರ್ಜಿ ಆದ್ಮೇಲೆ ಮನೆ ಬಿಟ್ಟು ಹೋದವ್ರು ಯಾರು, ಯಾವತ್ತು ಅಂತ."

ಅವಳು ಕೈ ಚಾಚಿ ಪೆನ್ನು ಇಸಿದುಕೊಂಡಳು. ಆ ಒಂದು ಖಾನೆಯನ್ನು ಮಾತ್ರ ತಾನೇ ತುಂಬಿದಳು. ಒಂದೊಂದೇ ಅಕ್ಷರ, ನಿಧಾನವಾಗಿ. ಎಮೆಟ್, ತಮ್ಮ. ನವೆಂಬರ್ ಹದಿನೇಳು, ಸೋಮವಾರ.